ಇಪ್ಪತ್ತೆರಡು ಇಂಚಿನ ಹೊಳೆ

ಅಳತೆ ತಪ್ಪಿದ ದರ್ಜಿಗಳು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಒಂದು ಇಡೀ ಹೊಳೆಯ ಅಳತೆ ತಪ್ಪಿದ ದರ್ಜಿ ಎಂದರೆ ನಮ್ಮ ಮುಕ್ಕಾಲು ಒಬ್ಬನೇ ಇರಬೇಕು.

ಮುಕ್ಕಾಲು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬ್ಯಾಂಕಿನ ಮ್ಯಾನೇಜರು ಇಟ್ಟಿದ್ದು. ಅವರು ಪ್ಯಾಂಟು ಹೊಲಿಸಲು ಬಂದ ದಿನ ಅಂಗಡಿಯ ನೆಲ ಆಗಷ್ಟೇ ಒರೆಸಿ ಒದ್ದೆಯಾಗಿತ್ತು. ಮ್ಯಾನೇಜರು ಹಾಕಿಕೊಂಡಿದ್ದ ಪ್ಯಾಂಟನ್ನು ಮೇಲಕ್ಕೆ ಮಡಚಿ ನಿಂತರು. ಇವನು ಸೊಂಟದಿಂದ ಟೇಪು ಬಿಟ್ಟು, ಮಡಿಕೆಯವರೆಗೆ ಶ್ರದ್ಧೆಯಿಂದ ಅಳೆದ. ಹೊಸ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಮ್ಯಾನೇಜರು, "ಇದೇನಯ್ಯ, ಮುಕ್ಕಾಲು ಪ್ಯಾಂಟು?" ಎಂದರು. "ಇದ್ದದ್ದನ್ನ ಇದ್ದ ಹಾಗೇ ಅಳ್ದಿದ್ದೀನಿ ಸಾರ್" ಎಂದ ಇವನು. ಅದು ನಿಜವೂ ಆಗಿತ್ತು. ಅವನ ಕೈಯಲ್ಲಿ ಟೇಪು ಎಂದೂ ಸುಳ್ಳು ಹೇಳಿದ್ದಿಲ್ಲ. ಅದನ್ನು ಎಲ್ಲಿ ಹಿಡಿಯಬೇಕೆಂಬುದಷ್ಟೇ ಅವನಿಗೆ ಹೊಳೆಯುತ್ತಿರಲಿಲ್ಲ.

ಅವನ ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರು. ಆರು ದಿನ ಕೊರಳಲ್ಲಿ ಸೀಟಿ, ಏಳನೆಯ ದಿನ ಕೈಯಲ್ಲಿ ಹುಟ್ಟು. ಕಯಾಕ್ ಎಂಬ, ಬೀನ್ಸ್ ಕಾಯಿ ಸೀಳಿದಂತಿರುವ, ಒಬ್ಬರೇ ಕೂರುವ ದೋಣಿಯ ಹುಚ್ಚು ಆಕೆಗೆ. ಊರಿಗೆ ಹೊಳೆಯೇನೋ ಇತ್ತು, ಆದರೆ ಹೊಳೆಗಿಳಿಯಲು ದಾರಿ ಇರಲಿಲ್ಲ. ದೋಣಿಯನ್ನು ಮಗುವಿನಂತೆ ಅವಚಿಕೊಂಡು, ಕೆಸರಿನ ದಂಡೆಯ ಮೇಲೆ ಕೂತು, ದೇವರ ಮೇಲೆ ಭಾರ ಹಾಕಿ ಜಾರಬೇಕು. ಹೋದ ವರ್ಷ ಹಾಗೆ ಜಾರುವಾಗ ದೇವರು ಬೇರೆ ಕಡೆ ನೋಡುತ್ತಿದ್ದ. ಆಕೆಯ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟು ಹಾಕಿಸಿಕೊಂಡು, ಎಡಗೈಯಲ್ಲಿ ಸೀಟಿ ಹಿಡಿದು ಡ್ರಿಲ್ ಮಾಡಿಸಿದಳು. ಪಟ್ಟು ಬಿಚ್ಚಿದರೂ ಪಟ್ಟು ಬಿಡಲಿಲ್ಲ. ಅದೇ ಸಂಜೆ ದೋಣಿಕಟ್ಟೆ ಸಮಿತಿ ಹುಟ್ಟಿಕೊಂಡಿತು. ಯಾರು ಬೇಕಾದರೂ ಬಂದು ಕಯಾಕೋ ಕನೂ ದೋಣಿಯೋ ಏನಿದೆಯೋ ಅದನ್ನು ಮರ್ಯಾದೆಯಿಂದ ನೀರಿಗಿಳಿಸುವಂಥ ಒಂದು ಇಳಿಜಾರು ಕಟ್ಟೆ ಕಟ್ಟುವುದು, ಕೂಲಿಯಾಳಿಲ್ಲದೆ ತಾವೇ ಕಟ್ಟುವುದು.

ಕಾರ್ಯದರ್ಶಿ ಅವಳೇ. ಅಧ್ಯಕ್ಷರು ಅವಳ ಅಣ್ಣ, ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ನಿವೃತ್ತಿಯಾಗುವಾಗ ಇಲಾಖೆಗೆ ಎಲ್ಲವನ್ನೂ ಒಪ್ಪಿಸಿ ಬಂದಿದ್ದರು, ಅಧಿಕಾರದ ದನಿಯೊಂದನ್ನು ಬಿಟ್ಟು. ಬಂದ ಮೇಲೆ ಸ್ವಂತಕ್ಕೆ ಒಂದು ರಬ್ಬರ್ ಸೀಲೂ ಮಾಡಿಸಿಕೊಂಡಿದ್ದರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರದೂ ಒಂದು ಕಯಾಕ್ ಇತ್ತು. ಅವರು ಯಾರಿಗೇ ಏನೇ ಹೇಳಿದರೂ "ಏನೂ ನೋವಾಗಲ್ಲ" ಎಂದೇ ಶುರು ಮಾಡುತ್ತಿದ್ದರು. ಊರಿನ ಜನಕ್ಕೆ ಆ ಮಾತು ಕೇಳಿದೊಡನೆ ದವಡೆ ಝುಂ ಎನ್ನುತ್ತಿತ್ತು.

ಭಾನುವಾರ ಕಲ್ಲು ಹೊತ್ತು, ಮಣ್ಣು ಅಗೆದು, ಸಂಜೆ ದರ್ಜಿ ಅಂಗಡಿಯ ಕತ್ತರಿ ಮೇಜಿನ ಸುತ್ತ ಸಭೆ. ಅಂಥದೊಂದು ಸಭೆಗೆ ನದಿ ಇಲಾಖೆಯ ಸಾಹೇಬರು ಬಂದರು. ಮೂವತ್ತು ವರ್ಷ ಕಾಗದ ಬರೆದೂ ಬರೆದೂ ಸಾಹೇಬರ ಬಾಯಲ್ಲಿ 'ನಾನು' ಎಂಬ ಪದ ಸವೆದುಹೋಗಿತ್ತು. ಚಹಾ ಕೊಟ್ಟರೆ "ಸ್ವೀಕರಿಸಲಾಯಿತು" ಎನ್ನುವರು. ಸಕ್ಕರೆ ಸಾಕೇ ಎಂದರೆ "ಪರಿಶೀಲಿಸಲಾಗುವುದು" ಎಂದು ಒಂದು ಗುಟುಕು ಕುಡಿಯುವರು.

"ಮೂವತ್ತು ದಿನದ ನೀರಿನ ಮಟ್ಟ ದಾಖಲಿಸತಕ್ಕದ್ದು" ಎಂದರು ಸಾಹೇಬರು. "ಏರಿಳಿತ ಒಂದು ಅಡಿಯೊಳಗಿದ್ದಲ್ಲಿ ಅನುಮತಿ ಇಲ್ಲಿಯೇ ನೀಡಲಾಗುವುದು. ಮೀರಿದಲ್ಲಿ ಕಡತವನ್ನು ರಾಜಧಾನಿಗೆ ಕಳುಹಿಸಲಾಗುವುದು."

ಎಲ್ಲರ ಮುಖ ಇಳಿಯಿತು. ರಾಜಧಾನಿಗೆ ಹೋದ ಕಡತವೂ ಸ್ವರ್ಗಕ್ಕೆ ಹೋದ ಹಿರಿಯರೂ ಒಂದೇ. ಇಬ್ಬರೂ ನೆನಪಿನಲ್ಲಷ್ಟೇ ಉಳಿಯುತ್ತಾರೆ.

"ದಿನಾ ಹೋಗಿ ಅಳೆಯೋರು ಯಾರು?" ಎಂದರು ಓವರ್‌ಸಿಯರ್ ಭಾವ. ಇಡೀ ಸಮಿತಿ ಅಂಗಡಿಯ ಸೀಲಿಂಗ್ ಫ್ಯಾನನ್ನು ಅಧ್ಯಯನ ಮಾಡತೊಡಗಿತು.

ಚಹಾದ ಲೋಟ ಎತ್ತುತ್ತಿದ್ದ ಮುಕ್ಕಾಲು ಗಂಟಲು ಸರಿಮಾಡಿಕೊಂಡ. "ಅಳತೆ ಅಂದ್ರೆ ನನ್ನ ಕಸುಬಲ್ವಾ ಭಾವ? ಮನುಷ್ಯರನ್ನೇ ಅಳೀತೀನಿ, ಅವರು ಅಲ್ಲಾಡ್ತಾ ಇರ್ತಾರೆ. ಹೊಳೆ ಏನ್ ಮಹಾ!"

ಭಾವ ನಕ್ಕ ರಭಸಕ್ಕೆ ಮೇಜಿನ ಮೇಲಿದ್ದ ಗುಂಡಿಗಳ ಡಬ್ಬಿ ಗಲಗಲ ಎಂದಿತು. "ನೀನಾ? ನೀನು ಅಳೆದ್ರೆ ಹೊಳೆ ಮೊಣಕಾಲಿಗೆ ಬಂದು ನಿಲ್ಲುತ್ತೆ ಕಣಯ್ಯ!"

ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. "ಅಣ್ಣ, ಅವರೇ ಅಳೀಲಿ" ಎಂದಳು ಟೀಚರು. "ಅಳತೆ ತಪ್ಪಿದ್ರೆ ಕಾರ್ಯದರ್ಶಿ ಪಟ್ಟ ಬಿಟ್ಟು ಮನೇಲಿ ಕೂತ್ಕೋತೀನಿ. ನನ್ನ ಮಾತು."

ಮುಕ್ಕಾಲು ಲೋಟಗಳನ್ನು ಹಿಡಿದುಕೊಂಡೇ ನಿಂತ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನ ಮೇಲೆ ಯಾರೂ ಯಾವುದನ್ನೂ ಪಣ ಒಡ್ಡಿರಲಿಲ್ಲ. ಇವಳು ಒಡ್ಡಿದ್ದು ತನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು.

ಮರುದಿನವೇ ಅವನು ಗಜಕಡ್ಡಿ ಹಿಡಿದು ಹೊಳೆಗೆ ಹೋದ. ದಂಡೆಯಲ್ಲಿ ಎಲ್ಲಿ ನೋಡಿದರೂ ಕೆಸರು. ಆದರೆ ದಂಡೆಯಿಂದ ಹತ್ತು ಹೆಜ್ಜೆ ಆಚೆ, ನೀರಿನಲ್ಲಿ, ಹಳೆಯ ನೀರಿನ ಪಂಪು ಇಟ್ಟಿದ್ದ ಒಂದು ಅಟ್ಟವಿತ್ತು. ಕೆಟ್ಟ ಪಂಪು ಅದರ ಮೇಲೆ ಇನ್ನೂ ಕುಳಿತಿತ್ತು. ಸುತ್ತ ನೀರಿನವರೆಗೆ ಇಳಿದ ಹಲಗೆಯ ಗೋಡೆ, ಎರಡು ಮರಗಳಿಗೆ ಬಿಗಿದ ಸರಪಳಿ, ದಂಡೆಯಿಂದ ಹೋಗಲು ಒಂದು ಉದ್ದನೆಯ ಹಲಗೆ. ಇಷ್ಟು ಗಟ್ಟಿಮುಟ್ಟಾದದ್ದು ಇನ್ನೊಂದಿಲ್ಲ ಎಂದು ಅವನಿಗೆ ಅನ್ನಿಸಿತು. ಗಜಕಡ್ಡಿಯನ್ನು ಅದರ ಪಕ್ಕೆಗೆ ನೀರಿನಲ್ಲಿ ಮುಳುಗುವಂತೆ ನಾಲ್ಕು ಮೊಳೆ ಹೊಡೆದು ನಿಲ್ಲಿಸಿದ. ನೀರು ಇಪ್ಪತ್ತೆರಡನೆಯ ಇಂಚಿನ ಗೆರೆ ಮುಟ್ಟಿತ್ತು.

ಹಲಗೆಯ ಗೋಡೆಯ ಹಿಂದೆ ಆರು ಖಾಲಿ ಡ್ರಮ್ಮುಗಳಿದ್ದವು ಎಂಬುದನ್ನೂ, ಅಟ್ಟ ಆ ಡ್ರಮ್ಮುಗಳ ಮೇಲೆ ತೇಲುತ್ತಿತ್ತು ಎಂಬುದನ್ನೂ ನಾನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಎರಡನೆಯ ದಿನ, ಇಪ್ಪತ್ತೆರಡು. ಮೂರನೆಯ ದಿನ, ಇಪ್ಪತ್ತೆರಡು. ಹೊಳೆ ಏರಿದರೆ ಅಟ್ಟವೂ ಏರುತ್ತಿತ್ತು, ಅಟ್ಟಕ್ಕೆ ಅಂಟಿದ ಗಜಕಡ್ಡಿಯೂ ಏರುತ್ತಿತ್ತು. ದಂಡೆಯಿಂದ ಹೋಗುವ ಹಲಗೆ ಮಾತ್ರ ಒಂದು ದಿನ ಇಳಿಜಾರು, ಒಂದು ದಿನ ಸಮ, ಇನ್ನೊಂದು ದಿನ ಏರು. 'ವಯಸ್ಸಾಯಿತು, ಮೊಣಕಾಲು ದಿನಕ್ಕೊಂದು ಥರ' ಎಂದುಕೊಂಡು ಮುಕ್ಕಾಲು ಸಂಜೆ ಎಣ್ಣೆ ತಿಕ್ಕಿಕೊಂಡ.

ಎಂಟನೆಯ ದಿನ ಭಾವನೇ ತಪಾಸಣೆಗೆ ಬಂದರು. ಭಾವನದು ನೂರ ಹತ್ತು ಕಿಲೋದ ವ್ಯಕ್ತಿತ್ವ. ಅಟ್ಟ ಹತ್ತಿ, ಕನ್ನಡಕ ಏರಿಸಿ, ಕಡ್ಡಿ ನೋಡಿದರು. "ಇಪ್ಪತ್ತಮೂರು! ಏರಿದೆ ಕಣಯ್ಯ. ಮೇಲ್ಗಡೆ ಎಲ್ಲೋ ಭಾರಿ ಮಳೆ. ಅನುಭವಸ್ಥರಿಗೆ ಒಂದು ಇಂಚಲ್ಲೇ ಗೊತ್ತಾಗುತ್ತೆ." ಮುಕ್ಕಾಲಿನ ಅಳತೆ ಪುಸ್ತಕದಲ್ಲಿ ತಾವೇ ಕೆಂಪು ಶಾಯಿಯಲ್ಲಿ 'ಪ್ರವಾಹ' ಎಂದು ಬರೆದು ಸೀಲು ಒತ್ತಿದರು. ಮರುದಿನ ಪ್ರವಾಹ ಇಳಿದು ಇಪ್ಪತ್ತೆರಡಕ್ಕೆ ಬಂತು.

ಹೊಳೆ ಏರಿಳಿಯುವುದನ್ನು ಕಣ್ಣಾರೆ ಕಂಡವರು ಊರಲ್ಲಿ ಇರಲಿಲ್ಲವೇ? ಇದ್ದರು. ಆದರೆ ಸಮಿತಿಯವರು ದಂಡೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ಭಾನುವಾರ ಹೊಳೆ ಯಾವಾಗಲೂ ಒಂದೇ ಮಟ್ಟದಲ್ಲಿ ಇರುತ್ತಿತ್ತು. ಉಳಿದ ದಿನ ಕಂಡವನು ಒಬ್ಬ ಮೀನಿನ ತಾತ. ದಂಡೆಯ ಚಪ್ಪಟೆ ಬಂಡೆಯ ಮೇಲೆ ಕೂತು ಗಾಳ ಹಾಕುವುದೇ ಅವನ ಉದ್ಯೋಗ.

"ನಿನ್ನೆ ನನ್ನ ಬಂಡೆ ಮುಳುಗಿತ್ತಪ್ಪ" ಎಂದ ತಾತ.

ಭಾವ ಪುಸ್ತಕ ತಿರುವಿದರು. "ನಿನ್ನೆ ಇಪ್ಪತ್ತೆರಡು. ನೀರು ಏರಿಲ್ಲ. ಅಂದ್ಮೇಲೆ ನಿನ್ನ ಬಂಡೆ ಕುಸೀತಾ ಇದೆ."

"ಇವತ್ತು ಮೇಲಿದೆಯಲ್ಲಪ್ಪ!"

"ಕುಸಿಯೋದು, ಏಳೋದು. ಅದು ಇನ್ನೂ ಅಪಾಯ!"

ತಾತನ ಕಣ್ಣಿಗೆ ಸೀಲು ಇರಲಿಲ್ಲ, ಪುಸ್ತಕಕ್ಕೆ ಇತ್ತು. ಮೂರು ದಿನದಲ್ಲಿ ಬಂಡೆಯ ಸುತ್ತ ಹಗ್ಗ ಕಟ್ಟಿ, 'ಅಪಾಯ. ಅಸ್ಥಿರ ಬಂಡೆ' ಎಂದು ಫಲಕ ಹಾಕಲಾಯಿತು. ಸಾಹೇಬರು ಭೂಗರ್ಭ ಇಲಾಖೆಗೆ ಕಾಗದ ಬರೆದರು. ತಾತ ಗಾಳ, ಡಬ್ಬಿ ಎತ್ತಿಕೊಂಡು ಬಂದು ದರ್ಜಿ ಅಂಗಡಿಯ ಜಗಲಿಯಲ್ಲಿ ಕೂತ. "ನಲ್ವತ್ತು ವರ್ಷ ಕೂತಿದ್ದೀನಿ ಮಗಾ, ಅದು ಅಲ್ಲಾಡಿದ್ದು ನಂಗೇ ಗೊತ್ತಾಗ್ಲಿಲ್ವಲ್ಲ" ಎಂದು ಜಗಲಿಯ ಕಲ್ಲನ್ನೂ ಒಮ್ಮೆ ತಟ್ಟಿ ನೋಡಿದ.

ಮೂವತ್ತನೆಯ ದಿನ ಮುಗಿಯುವ ಹೊತ್ತಿಗೆ ಮುಕ್ಕಾಲು ಊರಿನ ಗಣ್ಯ. "ಏರಿಳಿತ ಶೂನ್ಯ! ಇಂಥ ಶಿಸ್ತಿನ ನದಿ ಸೇವಾವಧಿಯಲ್ಲಿ ಕಾಣಲಾಗಿಲ್ಲ" ಎಂದು ಸಾಹೇಬರು ಅನುಮತಿಗೆ ಸಹಿ ಹಾಕಿದರು. ಭಾವನ 'ಪ್ರವಾಹ'ವನ್ನು ಮಾತ್ರ ವಿಶೇಷ ಟಿಪ್ಪಣಿಯಲ್ಲಿ ಸೇರಿಸಲಾಯಿತು. ಬ್ಯಾಂಕಿನ ಮ್ಯಾನೇಜರು ಅಂಗಡಿಗೆ ಬಂದು "ಮಾಸ್ಟ್ರೇ" ಎಂದು ಕರೆದರು. ಹೊಳೆ ಏರಿಳಿಯುವುದೇ ಇಲ್ಲವೆಂದ ಮೇಲೆ ಕಟ್ಟೆ ಇಳಿಜಾರಾಗಿ ನೀರಿನೊಳಕ್ಕೆ ಹೋಗುವುದೇ ಬೇಡ, ನೀರಿನ ಅಂಚಿಗೆ ನಿಲ್ಲಿಸಿದರೆ ಸಾಕು ಎಂದು ಭಾವ ನಕ್ಷೆಯನ್ನು ಅರ್ಧಕ್ಕೆ ಮೊಟಕು ಮಾಡಿದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಂಕ್ರೀಟಿನ ಲಾರಿ ಬರುವುದೆಂದು ನಿಗದಿಯಾಯಿತು.

ಶನಿವಾರ ಪತ್ರಿಕೆಯವರು ಬಂದರು. ವರದಿಗಾರ, ಫೋಟೋದವನು, ಅವನ ಪೆಟ್ಟಿಗೆ ಹೊರುವವನು, ಮೂವರೂ ಅಟ್ಟ ಹತ್ತಿದರು. "ಕಡ್ಡಿ ತೋರಿಸಿ ನಗಿ ಮಾಸ್ಟ್ರೇ!" ಮುಕ್ಕಾಲು ಬಗ್ಗಿ ಬೆರಳು ತೋರಿಸಿ ನಕ್ಕ. ಬೆರಳ ತುದಿಯಲ್ಲಿ ನೀರು ಇಪ್ಪತ್ತನಾಲ್ಕು. ಮೂವರೂ ಇಳಿದುಹೋದರು. ನೀರು ಇಪ್ಪತ್ತೆರಡು. "ಒಂದ್ನಿಮಿಷ, ಮತ್ತೆ ಹತ್ತಿ" ಎಂದ. ಹತ್ತಿದರು. ಇಪ್ಪತ್ತನಾಲ್ಕು. "ಇಳೀರಿ." ಇಪ್ಪತ್ತೆರಡು.

ಎಷ್ಟೇ ದೊಡ್ಡ ಪತ್ರಿಕೆಯಾದರೂ ಅದರವರು ಬಂದಾಗ ಎದ್ದು ನಿಂತು, ಹೋದಾಗ ಕೂರುವಷ್ಟು ಮರ್ಯಾದೆ ಹೊಳೆಗೆ ಇರಲಾರದು ಎಂಬುದು ಮುಕ್ಕಾಲಿಗೂ ಹೊಳೆಯಿತು. ಹಲಗೆಯ ಗೋಡೆಯ ಸಂದಿನಲ್ಲಿ ಕೈ ತೂರಿಸಿದ. ತಣ್ಣಗೆ, ಗುಂಡಗೆ ಡ್ರಮ್ಮು ಸಿಕ್ಕಿತು. ಗುದ್ದಿದ. 'ಢಂ' ಎಂದಿತು. ಫೋಟೋಕ್ಕೆ ನಕ್ಕ ನಗು ಮುಖದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಇಳಿಸಲು ಅವನಿಗೆ ನೆನಪಾಗಲಿಲ್ಲ.

ಅದೇ ನಗುವಿನಲ್ಲಿ ಭಾವನ ಮನೆಗೆ ಓಡಿದ. "ಭಾವ, ತಪ್ಪಾಗಿದೆ. ನಾನು ಅಳೆದದ್ದು ಹೊಳೆ ಅಲ್ಲ, ಅಟ್ಟ!"

"ಭೇಷ್! ದೊಡ್ಡವನಾದೆ ಕಣಯ್ಯ" ಎಂದರು ಭಾವ. "ಹೆಸರು ಬಂದ್ಮೇಲೂ ಇಷ್ಟು ವಿನಯ!"

"ವಿನಯ ಅಲ್ಲ ಭಾವ, ಡ್ರಮ್ಮು! ಬಟ್ಟೆ ಹೊಲಿಯೋರು ಕೂಡ ಒಳಗೆ ಒಂದಿಂಚು ಬಿಟ್ಟು ಹೊಲೀತಾರೆ. ಕಟ್ಟೆನಾದ್ರೂ ಒಂದಿಷ್ಟು ಉದ್ದ ಬಿಡಿ..."

"ನನ್ನ ನಕ್ಷೆಗೆ ನೀನು ಪಟ್ಟಿ ಹೊಲೀಬೇಡ" ಎಂದು ಭಾವ ಬಾಗಿಲು ಹಾಕಿಕೊಂಡರು.

ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ ಬಾಯಿ ನೋಡಿದರು. "ಏನೂ ನೋವಾಗಲ್ಲ. ಹೆಸರು ಬಂದಾಗ ಒಂದೆರಡು ದಿನ ಭಯ ಆಗುತ್ತೆ. ಆಮೇಲೆ ಹೋಗುತ್ತೆ."

ಸಾಹೇಬರು ಮನೆಯ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಎಲ್ಲವನ್ನೂ ಕೇಳಿದರು. "ದಾಖಲೆಯನ್ನು ಈಗಾಗಲೇ ಅಂಗೀಕರಿಸಲಾಗಿದೆ. ಇನ್ನು ಮುಂದೆ ಹೊಳೆ ಏರಿದಲ್ಲಿ ಅದನ್ನು ಹೊಳೆಯ ತಪ್ಪೆಂದು ಪರಿಗಣಿಸಲಾಗುವುದು."

ಮುಕ್ಕಾಲು ಮನೆಗೆ ಬಂದಾಗ ಟೀಚರು ಬಿಳಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಎದುರಿಗೆ ಕೂತ. ನಾಲ್ಕು ಸಲ ಬಾಯಿ ತೆರೆದು ಮುಚ್ಚಿದ. ಐದನೆಯ ಸಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. "ಯಾರೂ ನಂಬ್ತಾ ಇಲ್ಲ ಕಣೇ!"

ಟೀಚರ ಕೈಯಲ್ಲಿ ಬ್ರಷ್ ನಿಂತಿತು. "ನಾನು ನಂಬ್ತೀನಿ" ಎಂದಳು. "ನೀವು ತಪ್ಪು ಮಾಡಿದ್ದೀನಿ ಅಂದ್ರೆ ನಾನು ಯಾವತ್ತೂ ನಂಬ್ದೇ ಇದ್ದದ್ದಿಲ್ಲ."

ಇದಕ್ಕೆ ಅಳಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ. "ನಿನ್ನ ಪಟ್ಟ ಹೋಗುತ್ತಲ್ಲೇ."

"ಹೋಗ್ಲಿ. ಕಟ್ಟೆ ತಪ್ಪು ಜಾಗದಲ್ಲಿ ಗಟ್ಟಿಯಾಗಿ ನಿಂತ್ರೆ ಇನ್ನೊಬ್ಬರ ಕೈ ಮುರಿಯುತ್ತೆ. ನನ್ನ ಕೈ ಒಂದು ಸಾಕು." ಬೂಟು ಕೆಳಗಿಟ್ಟಳು. "ಈ ಗಂಡಸರಿಗೆ ಬಾಯಲ್ಲಿ ಹೇಳೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹತ್ತಿಸಿ ತೋರಿಸ್ಬೇಕು. ತಾತನ್ನ ಕರೀರಿ."

ತಾತ ಜಗಲಿಯಿಂದ ಎದ್ದು ಬಂದ. "ಮೇಲ್ಗಡೆ ಕರೆಂಟು ಮಾಡೋ ಕಟ್ಟೆ ಇದೆಯಲ್ಲಾ ಟೀಚರಮ್ಮ, ಭಾನುವಾರ ಅದಕ್ಕೂ ರಜ. ಸೋಮವಾರ ಬೆಳಿಗ್ಗೆ ನೀರು ಬಿಟ್ರೆ ಇಲ್ಲಿಗೆ ಒಂಬತ್ತಕ್ಕೆ ಬರುತ್ತೆ. ಎರಡಡಿ ಗ್ಯಾರಂಟಿ. ಇದನ್ನೇ ನಾನು ಬಡ್ಕೊಂಡೆ. ಬಂಡೆ ಕುಸೀತಿದೆ ಅಂದ್ರು!"

ಸೋಮವಾರ ಎಂಟೂಮುಕ್ಕಾಲಿಗೆ, ಕಾಂಕ್ರೀಟು ಸುರಿಯುವ ಮೊದಲು ಅಟ್ಟದ ಮೇಲೆ ಗ್ರೂಪ್ ಫೋಟೋ, ಚಹಾ ಎಂದು ಕಾರ್ಯದರ್ಶಿ ಪ್ರಕಟಿಸಿದಳು. ಫೋಟೋ ಎಂದರೆ ಯಾವ ಸಮಿತಿ ಬೇಡವೆನ್ನುತ್ತದೆ? ಭಾವ ಇಸ್ತ್ರಿ ಶರ್ಟಿನಲ್ಲಿ ಬಂದರು, ಸಾಹೇಬರು ಕಡತ ಹಿಡಿದು ಬಂದರು. ಕಲ್ಲು ಹೊರುವ ಐವರು ಕಾರ್ಯಕರ್ತರು ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದರು. ಹಲಗೆಯ ಮೇಲೆ ಒಬ್ಬೊಬ್ಬರಾಗಿ ಅಟ್ಟಕ್ಕೆ ಇಳಿದರು.

ಮುಕ್ಕಾಲು ಕಡ್ಡಿಯ ಹತ್ತಿರ ನಿಂತ. "ಎಲ್ಲರೂ ಕೇಳಿ. ನನ್ನ ಪುಸ್ತಕ ಸುಳ್ಳು. ಮೂವತ್ತು ದಿನಾನೂ ಸುಳ್ಳು. ಈ ಅಟ್ಟ ತೇಲ್ತಾ ಇದೆ."

"ಮತ್ತೆ ವಿನಯ!" ಎಂದರು ಭಾವ. ಬಗ್ಗಿ ಕಡ್ಡಿ ನೋಡಿದರು. "ಅಯ್ಯಯ್ಯೋ, ಇಪ್ಪತ್ತೆಂಟು! ಮಹಾಪ್ರವಾಹ!"

"ಅದು ಪ್ರವಾಹ ಅಲ್ಲ ಭಾವ. ಸಮಿತಿ."

"ಏನಂದೆ?"

"ಸಮಿತಿಯ ತೂಕ. ಅವತ್ತಿನ ಒಂದಿಂಚು ನೀವು."

ಭಾವ ತಮ್ಮ ಹೊಟ್ಟೆಯನ್ನೂ ಕಡ್ಡಿಯನ್ನೂ ಸರದಿಯಂತೆ ನೋಡಿದರು. ಅಷ್ಟರಲ್ಲಿ ಸರಪಳಿ ಕಿರ್ರೆಂದಿತು. ನೀರು ಬಂತು. ಸದ್ದಿಲ್ಲದೆ, ಗಡಿಬಿಡಿಯಿಲ್ಲದೆ, ಹಾಲು ಉಕ್ಕುವ ಮೊದಲು ಏರುವ ಹಾಗೆ ಬಂತು. ಇಳಿಜಾರಾಗಿದ್ದ ಹಲಗೆ ಸಮವಾಯಿತು, ಆಮೇಲೆ ಏರಾಯಿತು, ಆಮೇಲೆ ಅದರ ಆಚೆ ತುದಿ ದಂಡೆಯಿಂದ ಜಾರಿ ಹೊಳೆಯ ಪಾಲಾಗಿ ಹೊರಟುಹೋಯಿತು. ದಂಡೆ ಕೆಳಗೆ ಹೋಗುತ್ತಿದೆಯೋ, ತಾವು ಮೇಲೆ ಹೋಗುತ್ತಿದ್ದೇವೆಯೋ ಎಂದು ಸಮಿತಿಗೆ ತಿಳಿಯಲಿಲ್ಲ. ಸಾಹೇಬರು ಕಡತವನ್ನು ತಲೆಯ ಮೇಲಿಟ್ಟುಕೊಂಡು ಕಡ್ಡಿ ನೋಡಿದರು. "ಇಪ್ಪತ್ತೆಂಟೇ ಇದೆ. ಬದಲಾವಣೆ ಕಂಡುಬರುತ್ತಿಲ್ಲ" ಎಂದವರು, ದಂಡೆಯ ಕಡೆ ಇನ್ನೊಮ್ಮೆ ನೋಡಿ ಕಡತವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ದಂಡೆಯ ಮೇಲೆ ಲಾರಿ ಬಂದು ನಿಂತಿತ್ತು. ಡ್ರೈವರು ತಲೆ ಹೊರಹಾಕಿ ಕೂಗಿದ. "ಎಲ್ಲಿ ಸುರೀಲಿ?"

ಕಾಂಕ್ರೀಟಿಗೆಂದು ಹೊಡೆದಿದ್ದ ಹಲಗೆಯ ಚೌಕಟ್ಟು ಎಲ್ಲೂ ಕಾಣಲಿಲ್ಲ. ಗುರುತಿಗೆ ಕಟ್ಟಿದ್ದ ಕೆಂಪು ಬಟ್ಟೆ ನೀರಿನ ಮೇಲೆ ಒಂದು ಸಲ ಬಾಲ ಆಡಿಸಿ ಮುಳುಗಿತು. "ಸುರೀಬೇಡಪ್ಪಾ!" ಎಂದು ಭಾವ ಕಿರುಚಿದ ಅಬ್ಬರಕ್ಕೆ ಅಟ್ಟ ಅರ್ಧ ಇಂಚು ಅಲುಗಿತು. ಬಂಡೆ ಮುಳುಗಿದ್ದ ಜಾಗದಲ್ಲಿ 'ಅಪಾಯ' ಎಂಬ ಫಲಕವೊಂದೇ ಎದ್ದು ನಿಂತಿತ್ತು. ಅದರ ಪಕ್ಕದ ದಂಡೆಯಲ್ಲಿ ತಾತ ಕೈ ಕಟ್ಟಿಕೊಂಡು ನಿಂತಿದ್ದ. ನಲವತ್ತು ವರ್ಷದ ಬಂಡೆ ಮುಳುಗಿದ್ದನ್ನು ನೋಡಿ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ.

ತಡವಾಗಿ ಹೊರಟು ನೀರಿನ ಮೇಲೇ ಬರುತ್ತಿದ್ದ ಹಲ್ಲಿನ ಡಾಕ್ಟರ ಕಯಾಕ್ ಆ ಹೊತ್ತಿಗೆ ಬಾರದಿದ್ದರೆ ಸಮಿತಿ ಸಂಜೆಯವರೆಗೆ ಅಲ್ಲೇ ಕಲಾಪ ನಡೆಸಬೇಕಿತ್ತು. ಎರಡು ಸೀಟಿನ ಕಯಾಕ್. ಮೊದಲ ಗೌರವ ಸಾಹೇಬರಿಗೆ.

"ಏನೂ ನೋವಾಗಲ್ಲ" ಎಂದರು ಡಾಕ್ಟರು. "ಸಡಿಲವಾಗಿ ಕೂತ್ಕೊಳ್ಳಿ."

ಸಾಹೇಬರು ಕೂತರು. ಕಯಾಕ್ ದಂಡೆ ಮುಟ್ಟಿತು. ಅಲ್ಲಿ ಹಿಡಿಯಲು ಕಂಬಿಯಿಲ್ಲ, ಕಾಲಿಡಲು ಮೆಟ್ಟಿಲಿಲ್ಲ. ಒಂದು ಕಾಲು ಕೆಸರಿನಲ್ಲಿ, ಒಂದು ಕಾಲು ಕಯಾಕಿನಲ್ಲಿ ಇಟ್ಟರು. ಎರಡು ದೋಣಿಯಲ್ಲಿ ಕಾಲಿಟ್ಟವನಿಗಾದರೂ ಎರಡು ದೋಣಿಯಿರುತ್ತದೆ. ಕಯಾಕ್ ಹಿಂದಕ್ಕೆ ಸರಿಯಿತು, ಸಾಹೇಬರ ಕಾಲುಗಳು ಮೂವತ್ತು ವರ್ಷದಲ್ಲಿ ಹೋಗದಿದ್ದಷ್ಟು ದೂರ ಹೋದವು.

"ಅಯ್ಯೋ ಅಮ್ಮಾ! ನಾನು ಬಿದ್ದೆ! ನನ್ನನ್ನ ಹಿಡ್ಕೊಳ್ಳಿ!"

ಅಟ್ಟದ ಮೇಲೆ ಎಲ್ಲರೂ ಕಿವಿ ನಿಮಿರಿಸಿದರು. ಸಾಹೇಬರು 'ನಾನು' ಎಂದಿದ್ದರು.

ಎಲ್ಲರೂ ದಡ ಸೇರಲು ಒಂದು ಗಂಟೆ ಹಿಡಿಯಿತು. ಲಾರಿ ಬಂದ ಹಾಗೇ ಹಿಂದಕ್ಕೆ ಹೋಯಿತು. ಒದ್ದೆಯಾದ ಸಮಿತಿ ದರ್ಜಿ ಅಂಗಡಿಯ ಕತ್ತರಿ ಮೇಜಿನ ಸುತ್ತ, ಹೊಲಿದಿಟ್ಟ ಬೇರೆಯವರ ಬಟ್ಟೆ ಸುತ್ತಿಕೊಂಡು ಕೂತಿತು. ಸಾಹೇಬರಿಗೆ ಯಾರದೋ ಮದುವೆಯ ಕೋಟು ಸಿಕ್ಕಿತ್ತು.

ಟೀಚರು ಎದ್ದು ನಿಂತಳು. "ಮಾತು ಕೊಟ್ಟಿದ್ದೆ. ಅಳತೆ ತಪ್ಪಾಯ್ತು. ಕಾರ್ಯದರ್ಶಿ ಪಟ್ಟ ಬಿಡ್ತಾ ಇದ್ದೀನಿ."

ಮುಕ್ಕಾಲು ಚಹಾ ಸೋಸುವುದನ್ನು ನಿಲ್ಲಿಸಿ ಗೋಡೆಯ ಕಡೆ ತಿರುಗಿದ.

"ಕೂತ್ಕೊಳ್ಳೇ ಸಾಕು" ಎಂದರು ಭಾವ. ದನಿಯಲ್ಲಿ ಅಧಿಕಾರ ಇರಲಿಲ್ಲ, ಎಲ್ಲೋ ಒದ್ದೆಯಾಗಿ ಉಳಿದುಹೋಗಿತ್ತು. "ಅವನು ಕಡ್ಡಿ ಇಟ್ಟ. ಸೀಲು ಒತ್ತಿದ್ದು ನಾನು. ನನ್ನ ತೂಕಕ್ಕೇ ಪ್ರವಾಹ ಅಂತ ಬರೆದೋನು ನಾನು. ಶನಿವಾರ ಬಂದು ಹೇಳಿದ್ನಲ್ಲ, ಬಾಗಿಲು ಹಾಕ್ಕೊಂಡೋನೂ ನಾನೇ. ಬಿಡೋದಾದ್ರೆ ಮೊದಲು ನಾನು ಬಿಡ್ಬೇಕು."

"ಯಾರೂ ಬಿಡತಕ್ಕದ್ದಲ್ಲ" ಎಂದರು ಸಾಹೇಬರು, ಕಿವಿಯೊಳಗಿನ ಕೆಸರು ತೆಗೆಯುತ್ತ. "ಆ ದಂಡೆಗೆ ಕಟ್ಟೆ ಬೇಕು. ಎಷ್ಟು ಬೇಕು ಅಂತ ನನ್ನ ಸೊಂಟಕ್ಕೆ ಗೊತ್ತಾಯ್ತು. ಇನ್ನೊಮ್ಮೆ ಮೂವತ್ತು ದಿನ ಅಳೀರಿ. ಎರಡಡಿ ಏರಿಳಿತ ಬಂದ್ರೆ ಬರ್ಲಿ, ಕಡತ ಹಿಡ್ಕೊಂಡು ರಾಜಧಾನಿಗೆ ನಾನೇ ಹೋಗ್ತೀನಿ. ಸಹಿ ಆಗೋ ತನಕ ಅಲ್ಲೇ ಕೂತಿರ್ತೀನಿ."

"ಸರಿ" ಎಂದರು ಭಾವ. "ಈ ಸಲ ಅಳೆಯೋರು ಯಾರು?"

ಎಲ್ಲರೂ ಫ್ಯಾನು ನೋಡಿದರು. ಹಲ್ಲಿನ ಡಾಕ್ಟರು ಬಾಯಿ ತೆರೆಯುವ ಮೊದಲೇ ಮೂವರು ದವಡೆ ಹಿಡಿದುಕೊಂಡರು.

"ಅವರೇ" ಎಂದರು ಸಾಹೇಬರು, ಚಹಾದ ತಟ್ಟೆ ಹಿಡಿದು ನಿಂತವನ ಕಡೆ ಬೆರಳು ತೋರಿಸಿ. "ಮೂವತ್ತು ವರ್ಷ ಸರ್ವಿಸ್ ನಂದು. ತಾನು ಬರೆದ ದಾಖಲೆ ತಪ್ಪು ಅಂತ ಮನೆ ಬಾಗಿಲಿಗೆ ಬಂದು ಹೇಳಿದ ಮನುಷ್ಯ ಇವರೊಬ್ಬರೇ. ಉಳಿದೋರದನ್ನೆಲ್ಲ ನಾನೇ ಹುಡುಕಿ ಹಿಡೀಬೇಕಾಯ್ತು."

ತಟ್ಟೆಯ ಮೇಲಿನ ಲೋಟಗಳು ಸಣ್ಣಗೆ ಸದ್ದು ಮಾಡಿದವು. ಟೀಚರು ಬಂದು ತಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಮರುದಿನ ತಾತ ತೋರಿಸಿದ ಗಟ್ಟಿ ನೆಲದಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು ಗಂಡ ಕಂಬ ಹಿಡಿದ, ಹೆಂಡತಿ ಸುತ್ತಿಗೆಯಲ್ಲಿ ಹೊಡೆದಳು. ಭಾವ ದಡದಿಂದಲೇ ಸಲಹೆ ಕೊಟ್ಟರು. ಹತ್ತಿರ ಬರಬಾರದೆಂದು ಅವರಿಗೆ ಠರಾವಿನ ಮೂಲಕ ತಿಳಿಸಲಾಗಿತ್ತು. ಆ ಸಂಜೆ ಹೊಸ ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಬರೆಯಲಾಯಿತು:

'ಮೊದಲನೇ ದಿನ. ಬೆಳಿಗ್ಗೆ ನಲವತ್ತೊಂದು ಇಂಚು. ಸಂಜೆ ಹದಿನೆಂಟು. ಕಂಬ ಅಲ್ಲಾಡಿಸಿ ನೋಡಿದೆ, ಅಲ್ಲಾಡಲಿಲ್ಲ. ಹೆಂಡತಿಯೂ ಅಲ್ಲಾಡಿಸಿ ನೋಡಿದಳು. ಆಮೇಲೆ ನನ್ನನ್ನೂ.'